ಡೌಟು ಹೊಡೆದುಹಾಕಿದ ಎರಡು

ನನ್ನ ತಂಗಿಯ ಮಗಳನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಡೌಟು ಅನ್ನುತ್ತಾರೆ. ಆ ಹೆಸರು ಇಟ್ಟವನು ನಾನೇ. ಕಾಲೇಜು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ, ತಂಗಿಯ ಮನೆಯಿಂದ ಎರಡು ಬಸ್ಸು ಬದಲಾಯಿಸಬೇಕು. ಹಾಗಾಗಿ ಹೋದ ವರ್ಷ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಬಂದ ದಿನವೇ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, ಈ ತಾಮ್ರದ ತಂತಿಗೆ ಮೇಲೆ ಪ್ಲಾಸ್ಟಿಕ್ ಇಲ್ಲವಲ್ಲ, ಒಂದಕ್ಕೊಂದು ತಾಗಿ ಸುಟ್ಟುಹೋಗುವುದಿಲ್ಲವಾ ಅಂತ ಕೇಳಿದಳು. ಎನಾಮಲ್ ಲೇಪ ಇರುತ್ತೆ ಅಂದೆ. ಎಷ್ಟು ದಪ್ಪ ಅಂದಳು. ನನಗೇನು ಗೊತ್ತು? ಇಪ್ಪತ್ತೆಂಟು ವರ್ಷದಿಂದ ಅದೇ ತಂತಿ ಸುತ್ತುತ್ತಿದ್ದೇನೆ, ಒಬ್ಬರೂ ಕೇಳಿರಲಿಲ್ಲ. ನಿನಗೆ ಬರೀ ಡೌಟೇ ಅಂತ ಗದರಿದೆ. ಹೆಸರು ಅಂಟಿಕೊಂಡಿತು.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರು ಬರುತ್ತದೆ. ಒಳಗಿನ ಹಳೆಯ ಕಾಯಿಲ್‌ಗಳನ್ನು, ಅಂದರೆ ತಂತಿಯ ಸುರುಳಿಗಳನ್ನು, ಉಳಿ ಹಾಕಿ ಕತ್ತರಿಸಿ ಕಿತ್ತು, ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು, ಯಾವ ದಪ್ಪದ ತಂತಿ ಇತ್ತೋ ಅದೇ ದಪ್ಪದ ಹೊಸ ತಂತಿ ಹಾಕಿ ಕೊಡುವುದು. ಓದು ಆರನೇ ಕ್ಲಾಸಿಗೆ ಮುಗಿಯಿತು. ಮೇಷ್ಟ್ರ ಜೊತೆ ಜಗಳವಾಡಿ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಜಗಳ ಯಾವುದಕ್ಕೆ ಅನ್ನುವುದು ಮರೆತುಹೋಗಿದೆ, ನಾನೇ ಸರಿ ಇದ್ದೆ ಅನ್ನುವುದು ಮಾತ್ರ ನೆನಪಿದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂಗಡಿಯಲ್ಲಿ ಇಕ್ಕಳ ನೆಲಕ್ಕೆ ಬಿದ್ದ ಸದ್ದಾದರೆ ಒಳಗೆ ಮನೆಯಲ್ಲಿ ಬೆಕ್ಕು ಕೂಡ ಕಪಾಟಿನ ಮೇಲೆ ಹತ್ತಿ ಕೂರುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಬಿದ್ದ ಇಕ್ಕಳ ಯಾವುದು, ಎಸೆದ ಇಕ್ಕಳ ಯಾವುದು ಅಂತ ಬೆಕ್ಕಿಗೂ ಗೊತ್ತು.

ಡೌಟು ಹತ್ತಿರ ಒಂದು ದಪ್ಪ ನೋಟ್‌ಬುಕ್ಕು ಇದೆ. ಮುಂದಿನಿಂದ ತೆರೆದರೆ ಅವಳು ಬೇರೆಯವರನ್ನು ಕೇಳಿದ ಪ್ರಶ್ನೆಗಳು. ತಿರುಗಿಸಿ ಹಿಂದಿನಿಂದ ತೆರೆದರೆ ಬೇರೆಯವರು ಅವಳನ್ನು ಕೇಳಿದ್ದು, ಅವಳು ಹೇಳಿಕೊಟ್ಟದ್ದು. ರಬ್ಬರು ಮುಟ್ಟುವುದಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸರಿಯಾದ್ದು. ಅಳಿಸಿದರೆ ಎಲ್ಲಿ ಎಡವಿದೆ ಅಂತ ಆಮೇಲೆ ಗೊತ್ತಾಗಲ್ಲ ಮಾವ ಅನ್ನುತ್ತಾಳೆ.

ಸಂಜೆ ಕಾಲೇಜಿನಿಂದ ಬಂದವಳು ಅಂಗಡಿಯ ಹಿಂಭಾಗದಲ್ಲಿ, ಖಾಲಿ ಕೇಬಲ್ ಡ್ರಮ್ಮಿನ ಮೇಲೆ ಕೂರುತ್ತಿದ್ದಳು. ಎದುರಿನ ಡ್ರಮ್ಮಿನ ಮೇಲೆ ಪೋಸ್ಟ್‌ಮ್ಯಾನ್ ಮಗಳು. ಅವಳಿಗಿಂತ ಒಂದು ತರಗತಿ ಕೆಳಗಿನವಳು, ಪಕ್ಕದ ಹೈಸ್ಕೂಲಿನ ಹುಡುಗಿ. ಫಿಸಿಕ್ಸ್ ಅಂದರೆ ಆ ಮಗುವಿಗೆ ಜ್ವರ ಬರುತ್ತಿತ್ತು. ಡೌಟು ಅದಕ್ಕೆ ನನ್ನ ಅಂಗಡಿಯ ಸಾಮಾನನ್ನೇ ತೋರಿಸಿ ಹೇಳಿಕೊಡುತ್ತಿದ್ದಳು. ಬೇರಿಂಗು ಉರುಳಿಸಿ ಒಂದು ಪಾಠ, ಅಯಸ್ಕಾಂತದ ತುಂಡು ಹಿಡಿದು ಇನ್ನೊಂದು. ಹೇಳುತ್ತಾ ಹೇಳುತ್ತಾ ನಡುವೆ ನಿಂತುಬಿಡುವಳು. ತಾಳು, ಇದು ನನಗೇ ಸರಿಯಾಗಿ ಗೊತ್ತಿಲ್ಲ ಅನ್ನುವಳು. ನೋಟ್‌ಬುಕ್ಕು ತಿರುಗಿಸಿ ಮುಂದಿನ ಪುಟದಲ್ಲಿ ಆ ಪ್ರಶ್ನೆ ಬರೆದುಕೊಂಡು, ಮಾರನೇ ದಿನ ಕಾಲೇಜಿನ ಫಿಸಿಕ್ಸ್ ಮೇಡಂ ಹತ್ತಿರ ಕೇಳಿಕೊಂಡು ಬಂದು, ಸಂಜೆ ಹಿಂದಿನ ಪುಟಕ್ಕೆ ಹೋಗಿ ಪಾಠ ಮುಂದುವರಿಸುವಳು. ಗೊತ್ತಿಲ್ಲ ಅನ್ನುವುದನ್ನು ಇಷ್ಟು ಸಲೀಸಾಗಿ ಹೇಳುವ ಜನವನ್ನು ನಾನು ನೋಡಿರಲಿಲ್ಲ. ನನ್ನ ಕಸುಬಿನಲ್ಲಿ ಗೊತ್ತಿಲ್ಲ ಅಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ.

ವರ್ಷ ಮುಗಿಯುತ್ತಾ ಬಂದಾಗ ಕಾಲೇಜಿನಲ್ಲಿ ಒಂದು ಫಾರಂ ಕೊಟ್ಟರು. ಮುಂದಿನ ಎರಡು ವರ್ಷಕ್ಕೆ ಮುಖ್ಯ ವಿಷಯ ಒಂದನ್ನು ಆರಿಸಬೇಕು. ಮೂರು ಚೌಕ: ಫಿಸಿಕ್ಸ್, ಗಣಿತ, ಆಫೀಸ್ ಕೋರ್ಸು. ಒಂದಕ್ಕೆ ಟಿಕ್ ಹಾಕಿ ಶನಿವಾರ ನಾಲ್ಕು ಗಂಟೆಯೊಳಗೆ ಕಚೇರಿಯ ಕಿಟಕಿಯಲ್ಲಿ ಕೊಡಬೇಕು. ಕೊಟ್ಟ ಮೇಲೆ ಬದಲಾವಣೆ ಇಲ್ಲ.

ಊರಿಗೆಲ್ಲ ಲೆಕ್ಕ ಬಿಡಿಸಿಕೊಡುವವಳು ಆ ಮೂರು ಚೌಕದ ಮುಂದೆ ಕಂಗಾಲಾಗಿ ಕೂತಳು. ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು. ನನ್ನ ಹೆಂಡತಿ ಗಣಿತ ಅಂದಳು, ಅದರಲ್ಲಿ ಕೈ ಸುಟ್ಟುಕೊಳ್ಳುವ ಭಯ ಇಲ್ಲವಂತೆ. ಎದುರು ಸಾಲಿನಲ್ಲಿ ಲಾಂಡ್ರಿ ನಡೆಸುವ ಅಕ್ಕ, ಕಣ್ಣು ಮುಚ್ಚಿಕೊಂಡು ಆಫೀಸ್ ಕೋರ್ಸಿಗೆ ಹಾಕು, ಕುರ್ಚಿ ಮೇಲೆ ಕೂತು ಫ್ಯಾನ್ ಕೆಳಗೆ ಬಾಳಬಹುದು, ನಿನ್ನ ಮಾವನ ಥರ ಮೈಯೆಲ್ಲ ವಾರ್ನಿಶ್ ಬಳಿದುಕೊಂಡು ಓಡಾಡಬೇಕಾಗಿಲ್ಲ ಅಂದರು. ತಂಗಿ ಫೋನಿನಲ್ಲಿ, ಮಾವ ಹೇಳಿದ ಹಾಗೆ ಮಾಡು ಅಂದಳು. ಮಾವನಿಗೆ ಏನು ಹೇಳಬೇಕೋ ಗೊತ್ತಿದ್ದರೆ ತಾನೇ.

ನಿನಗೆ ಯಾವುದು ಸುಲಭ ಅಂತ ಕೇಳಿದೆ. ಗಣಿತ ಅಂದಳು.

"ಹಾಗಾದರೆ ಗಣಿತ ತಗೋ. ಮುಗೀತಲ್ಲ."

"ಅಲ್ಲಿ ಉತ್ತರ ಬಂದರೆ ಮುಗೀತು ಮಾವ. ಫಿಸಿಕ್ಸ್‌ನಲ್ಲಿ ಉತ್ತರ ಬಂದಮೇಲೂ, ಹೊರಗಡೆ ನಿಜವಾಗಿ ಹಾಗೇ ಇದೆಯಾ ಅಂತ ಹೋಗಿ ನೋಡಬೇಕು."

"ಅದು ಇನ್ನೂ ತಲೆನೋವು."

"ಅದಕ್ಕೇ ಅದು ಬೇಕು ಅನಿಸೋದು."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವಳಿಗೂ ಪೂರ್ತಿ ಅರ್ಥವಾಗಿದ್ದ ಹಾಗೆ ಕಾಣಲಿಲ್ಲ. ಫಿಸಿಕ್ಸ್ ಮೇಡಂ ಅವಳಿಗೆ ಒಂದು ಮಾತು ಹೇಳಿದ್ದರಂತೆ: ನೀನು ಪ್ರಶ್ನೆ ಚೆನ್ನಾಗಿ ಕೇಳ್ತೀಯ, ಆದರೆ ನಿನ್ನ ಉತ್ತರವನ್ನ ನೀನೇ ನಂಬ್ತೀಯಾ, ಪುಸ್ತಕದ ಹೊರಗಿನ ಒಂದು ವಸ್ತುವಿನ ಮೇಲೆ ಲೆಕ್ಕ ಮಾಡಿ ನೋಡು. ಅದಕ್ಕೆ ಡೌಟು ನನ್ನ ಮುಂದೆ ಬಂದು ಒಂದು ಒಪ್ಪಂದ ಇಟ್ಟಳು. ಇನ್ನು ಮುಂದೆ ಬರುವ ಮೊದಲ ಮೋಟಾರಿನಲ್ಲಿ ಕಾಯಿಲ್‌ಗೆ ಎಷ್ಟು ಸುತ್ತು ಇದೆ ಅಂತ, ಒಳಗಿನ ಕಬ್ಬಿಣದ ಅಳತೆ ಹಿಡಿದು ಅವಳು ಲೆಕ್ಕ ಹಾಕಿ ಹೇಳುವುದು. ನಾನು ಹಳೆಯ ಕಾಯಿಲ್ ಕತ್ತರಿಸಿ ಎಣಿಸುವುದು. ಎರಡೂ ಹೊಂದಿದರೆ ಫಿಸಿಕ್ಸ್. ಹೊಂದದಿದ್ದರೆ ಆ ವಿಷಯ ಅವಳಿಗಲ್ಲ. ನಾನು ಹೂಂ ಅಂದೆ. ಹೂಂ ಅನ್ನುವಾಗ ಅದರ ತೂಕ ನನಗೆ ಗೊತ್ತಾಗಲಿಲ್ಲ.

ಸೋಮವಾರ ಲಾಂಡ್ರಿ ಅಕ್ಕನ ನೀರೆತ್ತುವ ಪಂಪಿನ ಮೋಟಾರು ಬಂತು. ಅಕ್ಕನೂ ಜೊತೆಗೇ ಬಂದರು. ಆಸ್ಪತ್ರೆಯ ಚಾದರಗಳು ಮೂರು ದಿನದಿಂದ ರಾಶಿ ಬಿದ್ದಿವೆ, ಯಾವಾಗ ಕೊಡ್ತೀಯಪ್ಪ, ಬುಧವಾರ ಕೊಡ್ತೀಯಾ, ಮಂಗಳವಾರ ಆಗಲ್ಲವಾ ಅಂತ ಕಿವಿಯ ಹತ್ತಿರ ನಿಂತು ಒಂದೇ ಸಮನೆ ಶುರುಮಾಡಿದರು. ನನ್ನ ಗುರುವಿನ ಕಾಲದಿಂದ ನಮ್ಮ ಕೆಲಸದಲ್ಲಿ ಒಂದು ಕ್ರಮ ಇದೆ: ಮೊದಲು ಕಾಯಿಲ್‌ನಿಂದ ಹೊರಗೆ ಬರುವ ಲೀಡ್ ತಂತಿಗಳ ಮೇಲಿನ ಕೊಳವೆಯಂಥ ಸ್ಲೀವ್ ಬಿಚ್ಚಿ ಒಳಗೆ ಏನಿದೆ ನೋಡಬೇಕು, ಆಮೇಲೆ ಉಳಿ ಹಾಕಬೇಕು. ಅವತ್ತು ಕೋಪದಲ್ಲಿ ನೇರವಾಗಿ ಉಳಿ ಹಾಕಿದೆ. ಒಂದು ಏಟಿಗೆ ಒಂದು ಕಡೆ, ಇನ್ನೊಂದು ಏಟಿಗೆ ಇನ್ನೊಂದು ಕಡೆ. ಲೀಡ್‌ಗಳನ್ನು ಹಾಗೇ ಸ್ಕ್ರಾಪ್ ಚೀಲಕ್ಕೆ ಎಸೆದೆ. ಅಕ್ಕನ ಮಾತು ನಿಂತಿತು, ಅಷ್ಟೇ ನನಗೆ ಬೇಕಾಗಿದ್ದದ್ದು.

ಡೌಟು ಖಾಲಿಯಾದ ಮೋಟಾರಿನ ಒಳಗೆ ಸ್ಕೇಲು ಇಟ್ಟು ಉದ್ದ, ಅಗಲ ಎಲ್ಲ ಬರೆದುಕೊಂಡಳು. ಕತ್ತರಿಸಿದ ತಂತಿಯ ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, ಇಷ್ಟು ದೊಡ್ಡ ಮೋಟಾರಿಗೆ ಇಷ್ಟು ಸಣ್ಣ ತಂತಿ ಸಾಕಾ ಮಾವ ಅಂದಳು. ನಿನ್ನ ಕೆಲಸ ನೀನು ನೋಡು ಅಂದೆ. ಸಂಜೆ ಇಬ್ಬರ ಕೆಲಸವೂ ಮುಗಿಯಿತು.

"ಎಷ್ಟು ಬಂತು?" ಅಂದೆ.

"ನಲವತ್ತೊಂದು ಚಿಲ್ಲರೆ. ನಲವತ್ತೆರಡು ಅಂದ್ಕೊಳ್ಳಿ. ನಿಮಗೆ?"

"ಎಂಬತ್ತನಾಲ್ಕು."

ಅವಳ ಮುಖ ಸಪ್ಪಗಾಯಿತು. ನೋಟ್‌ಬುಕ್ಕು ನೋಡಿದಳು, ತಂತಿಯ ಕಂತೆ ನೋಡಿದಳು.

"ಸರಿಯಾಗಿ ಎರಡರಷ್ಟು ಇದೆ ಮಾವ. ಇನ್ನೊಂದು ಸಲ ಎಣಿಸ್ತೀರಾ?"

ಅಲ್ಲಿ ನನ್ನ ತಲೆ ಕೆಟ್ಟಿತು. ಇಪ್ಪತ್ತೆಂಟು ವರ್ಷ ಎಣಿಸಿದ ಕೈಗೆ, ಇನ್ನೊಂದು ಸಲ ಎಣಿಸು ಅಂತ ಒಂದು ಹುಡುಗಿ ಹೇಳುವುದಾ? ಎಣಿಸಿದೆ. ಎಂಬತ್ತನಾಲ್ಕೇ ಬಂತು. ಕೈಯಲ್ಲಿದ್ದ ಇಕ್ಕಳ ಗೋಡೆಗೆ ಹೋಯಿತು.

"ಪುಸ್ತಕದ ಲೆಕ್ಕ ಪುಸ್ತಕದಲ್ಲೇ ಇರಲಿ. ಇಲ್ಲಿ ತಾಮ್ರ ಇದೆ, ಎರಡು ಸಲ ಎಣಿಸಿದ್ದೀನಿ. ನಿನಗೆ ಬರಲ್ಲ ಅಂದರೆ ಬರಲ್ಲ, ಒಪ್ಕೋ."

ಅವಳು ಸ್ಕೇಲನ್ನು ಒರೆಸಿ ಅದರ ಜಾಗದಲ್ಲಿಟ್ಟು ಒಳಗೆ ಹೋದಳು. ಬೆಕ್ಕು ಕಪಾಟಿನ ಮೇಲಿತ್ತು.

ಮಂಗಳವಾರ ಎಂಬತ್ತನಾಲ್ಕು ಸುತ್ತು ಹಾಕಿ ಮುಗಿಸಿದೆ. ವಾರ್ನಿಶ್ ಹಾಕುವ ಮುಂಚೆ, ಯಾವ ಹೊರೆಯೂ ಇಲ್ಲದೆ ಖಾಲಿ ಓಡಿಸಿ ನೋಡುವುದು ರೂಢಿ. ಓಡಿಸಿದೆ. ತಿರುಗಿತು. ಮೀಟರು ಹಿಡಿದರೆ ಕರೆಂಟು ಎಂದಿಗಿಂತ ಬಹಳ ಕಡಿಮೆ. ನಾನು ಹಿಗ್ಗಿ, ಡೌಟನ್ನು ಕೂಗಿ ಕರೆದು ತೋರಿಸಿದೆ. ನೋಡು, ನನ್ನ ವೈಂಡಿಂಗಿಗೆ ಕರೆಂಟು ಕೂಡ ಮರ್ಯಾದೆ ಕೊಟ್ಟು ಕಮ್ಮಿ ಬರ್ತಾ ಇದೆ ಅಂದೆ. ಅವಳು ಮೀಟರಿನ ಮುಳ್ಳನ್ನೇ ನೋಡಿದಳು. ಇಷ್ಟೊಂದು ಕಮ್ಮಿ ಯಾಕೆ ಅಂತ ತನಗೆ ತಾನೇ ಅಂದುಕೊಂಡ ಹಾಗಿತ್ತು. ತಿರುಗುವ ಮೋಟಾರು ಕಣ್ಣ ಮುಂದೆ ಇತ್ತು, ನನ್ನ ದನಿ ಕಿವಿಯಲ್ಲಿ ಇತ್ತು. ಡ್ರಮ್ಮಿನ ಮೇಲೆ ಹೋಗಿ ಕೂತು ತನ್ನ ಲೆಕ್ಕವನ್ನು ತಲೆಯಿಂದ ಕಾಲಿನವರೆಗೆ ಜಾಲಾಡಿದಳು. ಕೊನೆಗೆ ತಪ್ಪು ಸಿಕ್ಕಿತು ಅಂದಳು. ಲೆಕ್ಕದಲ್ಲಿ ಒಂದು ಕಡೆ ಎರಡರಿಂದ ಗುಣಿಸಿದ್ದಾಳಂತೆ, ಅದು ಇರಬಾರದಂತೆ.

ಆ ಎರಡು ಏನು ಅಂತ ಆಮೇಲೆ ಅವಳೇ ನನಗೆ ಬಿಡಿಸಿ ಹೇಳಿದ್ದು, ನನಗೆ ಗೊತ್ತಾದಷ್ಟು ಹೇಳುತ್ತೇನೆ. ಬಾಗಿಲ ಒಳಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತವನು ಹೊಸ್ತಿಲಿಗೆ ಬಂದರೆ ನಡೆದದ್ದು ಹತ್ತು. ಹೊಸ್ತಿಲು ದಾಟಿ ಹೊರಗೆ ಇನ್ನೂ ಹತ್ತು ಹೋದರೆ ಇಪ್ಪತ್ತು. ಮೋಟಾರಿನೊಳಗೆ ಅಯಸ್ಕಾಂತದ ಬಲವೂ ಹಾಗೆಯೇ, ಪೂರ್ತಿ ಈ ಕಡೆಯಿಂದ ಪೂರ್ತಿ ಆ ಕಡೆಗೆ ಹೋಗುತ್ತದೆ, ಹಾಗಾಗಿ ಎರಡರಷ್ಟು; ಬಲದ ಬದಲಾವಣೆ ಎರಡರಷ್ಟಾದರೆ ಬೇಕಾಗುವ ಸುತ್ತು ಅರ್ಧ. ಅದು ಸರಿಯಾಗಿಯೇ ಇತ್ತು. ಆದರೆ ಅದು ಇದ್ದರೆ ನಲವತ್ತೆರಡು, ತೆಗೆದರೆ ಎಂಬತ್ತನಾಲ್ಕು. ಅವಳು ತೆಗೆದಳು. ಎರಡರ ಮೇಲೆ ಒಂದು ಗೆರೆ ಎಳೆದಳು. ಅವತ್ತೇ ಸಂಜೆ ಪೋಸ್ಟ್‌ಮ್ಯಾನ್ ಮಗಳು ಬಂದು, ಅಯಸ್ಕಾಂತದ ನಡುವೆ ಇಟ್ಟ ಸುರುಳಿಯನ್ನು ಮಗುಚಿ ಹಾಕಿದರೆ ಅದರೊಳಗಿನ ಬಲ ಎಷ್ಟು ಬದಲಾಗುತ್ತೆ ಅಂತ ಕೇಳಿದಾಗ, ಎರಡರಿಂದ ಗುಣಿಸಬೇಡ, ನಾನೂ ಅದೇ ತಪ್ಪು ಮಾಡಿದ್ದೆ ಅಂತ ಹೇಳಿಕೊಟ್ಟಳು.

ಗುರುವಾರ ಮೋಟಾರನ್ನು ಲಾಂಡ್ರಿಯ ಪಂಪಿಗೆ ಜೋಡಿಸಿ ಸ್ವಿಚ್ ಹಾಕಿದೆ. ಗುಂಯ್ ಅಂತ ಮುಲುಗಿತು. ಸೋಮಾರಿಯ ಹಾಗೆ ನಿಧಾನ ತಿರುಗಿ ನಿಂತಿತು. ನೀರು ಬರಲಿಲ್ಲ. ನಲ್ಲಿಯ ಕೆಳಗೆ ಬಕೆಟು ಹಿಡಿದು ನಿಂತ ಲಾಂಡ್ರಿ ಅಕ್ಕ, ಇದಕ್ಕಿಂತ ನನ್ನ ಗಂಡ ಜೋರಾಗಿ ಕೆಲಸ ಮಾಡ್ತಾರೆ ಅಂದರು. ಅವರ ಗಂಡ ಆಗ ಇಸ್ತ್ರಿ ಮೇಜಿನ ಕೆಳಗೆ ಮಲಗಿದ್ದರು. ಕಂಡೆನ್ಸರು ಹೋಗಿದೆ ಅಂದೆ. ಬದಲಾಯಿಸಿದೆ, ಅದೇ ಗುಂಯ್. ಪಂಪಿನೊಳಗೆ ಏನೋ ಸಿಕ್ಕಿದೆ ಅಂದೆ. ಬಿಚ್ಚಿದೆ, ಏನೂ ಇರಲಿಲ್ಲ. ಶುಕ್ರವಾರ ಬೇರಿಂಗು ಬದಲಾಯಿಸಿದೆ. ನನ್ನ ಕೈ ಮಾಡಿದ ಕೆಲಸ ಒಂದನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ನನಗೆ ಅನುಮಾನ ಬಂತು. ಮನೆಯಲ್ಲಿ ಕೇಳಿದರೆ, ವೈಂಡಿಂಗ್ ಬಂಗಾರದ ಹಾಗಿದೆ, ಅವರ ಪಂಪೇ ಸರಿ ಇಲ್ಲ ಅಂದೆ.

ಶುಕ್ರವಾರ ಸಂಜೆ ಪೋಸ್ಟ್‌ಮ್ಯಾನ್ ಮಗಳು ಪರೀಕ್ಷೆಯ ಕಾಗದ ಹಿಡಿದುಕೊಂಡು ಬಂದಳು. ಸುರುಳಿ ಮಗುಚುವ ಪ್ರಶ್ನೆಯೇ ಬಂದಿತ್ತಂತೆ. ಡೌಟು ಹೇಳಿಕೊಟ್ಟ ಹಾಗೇ ಬರೆದಳಂತೆ. ಟೀಚರು ಕೆಂಪು ಇಂಕಿನಲ್ಲಿ, ಎರಡು ಎಲ್ಲಿ ಅಂತ ಬರೆದಿದ್ದರು. ಹುಡುಗಿ ಜಗಳ ಆಡಲಿಲ್ಲ. ಪರವಾಗಿಲ್ಲ ಅಕ್ಕ ಅಂದು ಹೋದಳು. ಜಗಳ ಆಡಿದ್ದರೆ ಚೆನ್ನಾಗಿತ್ತು ಅನ್ನಿಸುವ ಹಾಗಿತ್ತು ಆ ಪರವಾಗಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಡೌಟು, ಆಫೀಸ್ ಕೋರ್ಸಿಗೆ ಹಾಕ್ತೀನಿ ಅಂದಳು. ಹೆಂಡತಿಯ ಕೈ ತಟ್ಟೆಯಲ್ಲೇ ನಿಂತಿತು. ಗಣಿತವಾದರೂ ತಗೋಬಾರದಾ ಅಂತ ಕೇಳಿದಳು.

"ಟೀಚರ ಪ್ರಕಾರ ಆ ಎರಡು ಬೇಕು ಅತ್ತೆ. ಮಾವನ ಮೋಟಾರಿನ ಪ್ರಕಾರ ಬೇಡ. ಎರಡು ಕಡೆಯೂ ಸರಿ ಅಂದರೆ ಅರ್ಥ ಆಗದೇ ಇರೋದು ನನಗೇ. ನನ್ನದು ಕೆಡೋದಲ್ಲದೆ ಇನ್ನೊಬ್ಬಳದ್ದೂ ಕೆಡಿಸಿದೆ."

ನಾನು ತಟ್ಟೆ ನೋಡುತ್ತಾ ತಿಂದೆ. ಬೇರಿಂಗಿನ ಯೋಚನೆಯಲ್ಲಿದ್ದೇನೆ ಅಂದುಕೊಂಡೆ.

ಶನಿವಾರ ಮಧ್ಯಾಹ್ನ. ಲಾಂಡ್ರಿಯ ಮೋಟಾರು ಮತ್ತೆ ಮೇಜಿನ ಮೇಲಿತ್ತು. ಒಂದು ತುಂಡು ಸ್ಲೀವ್ ಬೇಕಾಗಿ ಸ್ಕ್ರಾಪ್ ಚೀಲಕ್ಕೆ ಕೈ ಹಾಕಿದೆ. ಸೋಮವಾರ ಎಸೆದಿದ್ದ ಲೀಡ್ ಕೈಗೆ ಬಂತು. ಸ್ಲೀವ್ ಎಳೆದೆ. ಒಳಗೆ ಒಂದಲ್ಲ, ಎರಡು ತಂತಿ, ಜಡೆಯ ಹಾಗೆ ಹೊಸೆದು ಬೆಸುಗೆ ಹಾಕಿದ್ದು.

ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ. ದಪ್ಪ ತಂತಿ ಬಗ್ಗುವುದಿಲ್ಲ ಅಂತ ಕೆಲವರು ಎರಡು ಸಣ್ಣ ತಂತಿಗಳನ್ನು ಜೋಡಿಯಾಗಿ ಹಿಡಿದು ಒಟ್ಟಿಗೆ ಸುತ್ತುತ್ತಾರೆ. ಕತ್ತರಿಸಿದ ಮೇಲೆ ಎಳೆ ಎಣಿಸಿದರೆ ಎಂಬತ್ತನಾಲ್ಕು ಇರುತ್ತದೆ, ಸುತ್ತು ಮಾತ್ರ ನಲವತ್ತೆರಡು. ನಾನು ಒಂಟಿ ತಂತಿಯಲ್ಲಿ ಎಂಬತ್ತನಾಲ್ಕು ಸುತ್ತು ಹಾಕಿ ಮೋಟಾರಿನ ಕತ್ತು ಹಿಸುಕಿದ್ದೆ. ನಲವತ್ತೊಂದು ಚಿಲ್ಲರೆ ಅಂದಿದ್ದಳು ಹುಡುಗಿ, ಒಂದು ಸ್ಕೇಲು ಇಟ್ಟುಕೊಂಡು. ತಂತಿ ಸಣ್ಣದಾಯಿತಲ್ಲ ಅಂತಲೂ ಕೇಳಿದ್ದಳು.

ಮೊದಲು ಬಂದ ಯೋಚನೆ ಏನು ಅಂತ ಹೇಳಿಬಿಡುತ್ತೇನೆ. ಆ ಲೀಡನ್ನು ಚೀಲದ ಅಡಿಗೆ ತಳ್ಳಿ, ಸದ್ದಿಲ್ಲದೆ ಬಿಚ್ಚಿ ಮತ್ತೆ ಸುತ್ತಿ, ಪಂಪು ಸರಿಮಾಡಿದೆ ಅಂತ ಅಕ್ಕನಿಗೆ ಹೇಳಿಬಿಡುವುದು. ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಚೀಲದ ಬಾಯಿಯವರೆಗೂ ಹೋಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಯಾಕೆ ಮುಖ ಹಾಗೆ ಅಂತ ಕೇಳಿದಳು. ಹೇಳಿದೆ. ಅವಳು ಗೋಡೆ ಗಡಿಯಾರ ನೋಡಿದಳು, ಎರಡೂ ಮುಕ್ಕಾಲು.

"ಮೋಟಾರು ಎಲ್ಲೂ ಓಡಿಹೋಗಲ್ಲ. ಹುಡುಗಿ ಫಾರಂ ಕೊಡೋಕೆ ಹೊರಟು ಅರ್ಧ ಗಂಟೆ ಆಯ್ತು."

ಚಪ್ಪಲಿ ಒಂದು ನನ್ನದು, ಇನ್ನೊಂದು ಹೆಂಡತಿಯದು ಅನ್ನುವುದು ಅರ್ಧ ದಾರಿಯಲ್ಲಿ ಗೊತ್ತಾಯಿತು. ಕಾಲೇಜಿನ ಕಚೇರಿಯ ಮುಂದೆ ಉದ್ದದ ಸಾಲು. ಕಿಟಕಿಯಿಂದ ಹನ್ನೆರಡನೆಯವಳೋ ಹದಿಮೂರನೆಯವಳೋ ಡೌಟು, ಕೈಯಲ್ಲಿ ಫಾರಂ. ಮೂರನೇ ಚೌಕದಲ್ಲಿ ಆಗಲೇ ನೀಲಿ ಇಂಕಿನ ಟಿಕ್ ಬಿದ್ದಿತ್ತು.

ಏದುಸಿರು ಬಿಡುತ್ತಾ ಹೇಳಿದೆ, ನಿನ್ನ ಲೆಕ್ಕ ಸರಿ ಇತ್ತು, ನಲವತ್ತೆರಡೇ. ಅವಳು ನನ್ನ ವಾರ್ನಿಶ್ ಬಟ್ಟೆ ನೋಡಿದಳು, ಚಪ್ಪಲಿ ನೋಡಿದಳು, ಕೊನೆಗೆ ಮುಖ ನೋಡಿದಳು.

"ಅತ್ತೆ ಕಳಿಸಿದರಾ? ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ. ಬೇಡ ಮಾವ."

ನಿಜ ಹೇಳಲು ಇಷ್ಟು ದೂರ ಓಡಿಬಂದರೆ ನಂಬುವುದಿಲ್ಲವಲ್ಲ ಅಂತ ಕೋಪ ಏರಿತು. ಅದನ್ನು ಹೇಗೋ ನುಂಗಿ ಜೇಬಿನಿಂದ ಲೀಡ್ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಉಗುರಿನಿಂದ ಬೆಸುಗೆ ಬಿಡಿಸಲು ನೋಡಿದಳು. ಎರಡು ಎಳೆಗಳನ್ನು ಬೇರೆ ಮಾಡಿ, ಒಂದೊಂದನ್ನೂ ಬೆರಳಿಗೆ ಸುತ್ತಿಕೊಂಡು ನಿಂತಳು.

"ಜೋಡಿಯಾಗಿ ಸುತ್ತಿದ್ದಾರೆ," ಅಂದಳು.

"ಹೌದು. ನಾನು ಎಣಿಸಿದ್ದು ಸರಿ ಇತ್ತು. ನೋಡಿದ್ದು ತಪ್ಪು. ನೋಡಲೇ ಇಲ್ಲ ಅನ್ನು."

"ಅದಕ್ಕೇ ಖಾಲಿ ಓಡಿಸಿದಾಗ ಕರೆಂಟು ಅಷ್ಟು ಕಮ್ಮಿ. ಪಂಪಿಗೆ ಹಾಕಿದಾಗ ಏನಾಯ್ತು? ನಿಜ ಹೇಳಿ. ಗುಂಯ್ ಅಂದು ನಿಂತುಹೋಯ್ತಾ?"

ನಿಂತುಹೋಯಿತು ಅಂದೆ. ಅವಳ ಕಣ್ಣು ಅರಳಿತು. ಎರಡರಷ್ಟು ಸುತ್ತು ಹಾಕಿದರೆ ಎಳೆಯುವ ಶಕ್ತಿ ಕಾಲು ಭಾಗ ಆಗುತ್ತದೆ ಅಂತ ಬೆರಳಿನಲ್ಲಿ ಗಾಳಿಯಲ್ಲಿ ಏನೇನೋ ಬರೆದಳು. ಅರ್ಧ ಅಲ್ಲವಾ ಅಂತ ಕೇಳಿದೆ. ಅಲ್ಲ, ಕಾಲು ಅಂದಳು. ನಮ್ಮ ಹಿಂದೆ ನಿಂತ ಹುಡುಗ, ಅಂಕಲ್ ಸ್ವಲ್ಪ ಮುಂದೆ ಹೋಗಿ ಅಂದ.

ಇನ್ನೇನು, ಮೊದಲ ಚೌಕಕ್ಕೆ ಟಿಕ್ ಹಾಕುತ್ತಾಳೆ ಅಂದುಕೊಂಡೆ. ಹಾಕಲಿಲ್ಲ. ಅರಳಿದ ಕಣ್ಣು ಹಾಗೇ ಕೆಳಗಾಯಿತು.

"ನೀವು ನೋಡಿದ್ದು ತಪ್ಪು. ಸರಿ. ಆದರೆ ಆ ಎರಡು ಅಲ್ಲಿ ಇರಬೇಕು ಅಂತ ನನಗೆ ಗೊತ್ತಿತ್ತು ಮಾವ. ಯಾಕೆ ಇರಬೇಕು ಅನ್ನೋದೂ ಗೊತ್ತಿತ್ತು. ನೀವು ಕೂಗಿದಿರಿ ಅಂತ ತೆಗೆದೆ. ಕೂಗಿದವರ ಕಡೆಗೆ ಉತ್ತರ ತಿರುಗಿಸೋ ನಾನು ಫಿಸಿಕ್ಸ್ ಓದಿ ಏನು ಮಾಡ್ತೀನಿ?"

ಇಷ್ಟು ವರ್ಷ ನನ್ನ ಕೂಗಿಗೆ ಯಾರ್ಯಾರು ಏನೇನು ತೆಗೆದುಹಾಕಿದ್ದಾರೋ ಅಂತ ಒಂದು ಯೋಚನೆ ಬಂತು, ಆ ಸಾಲಿನಲ್ಲಿ ನಿಂತು ಅದನ್ನು ಯೋಚಿಸಲು ಆಗಲಿಲ್ಲ. ಇನ್ನು ಮುಂದೆ ಕೂಗುವುದಿಲ್ಲ ಅಂತ ಹೇಳೋಣ ಅನ್ನಿಸಿತು. ಅದು ಸುಳ್ಳಾಗುತ್ತದೆ ಅಂತ ಇಬ್ಬರಿಗೂ ಗೊತ್ತು.

"ಮುಂದಿನ ಸಲ ನಾನು ಕೂಗಿದರೆ ಲೀಡ್ ತೋರಿಸಿ ಅಂತ ಕೇಳು," ಅಂದೆ. ನನಗೆ ಹೊಳೆದದ್ದು ಅಷ್ಟೇ.

ಅವಳು ಫಾರಮ್ಮನ್ನು ನನ್ನ ಕೈಗೆ ತುರುಕಿ, ಜಾಗ ಹಿಡಿದುಕೊಂಡಿರಿ, ಪೋಸ್ಟ್‌ಮ್ಯಾನ್ ಮಗಳು ಹೈಸ್ಕೂಲು ಮೈದಾನದಲ್ಲಿ ಆಡ್ತಿರ್ತಾಳೆ, ಅವಳಿಗೆ ಮೊದಲು ಹೇಳಿ ಬರಬೇಕು ಅಂದು ಓಡಿದಳು. ಕಿಟಕಿ ಮುಚ್ಚಲು ಐವತ್ತು ನಿಮಿಷ ಇತ್ತು. ನಾನು ನಿಂತೆ. ಆರನೇ ಕ್ಲಾಸಿನ ನಂತರ ಓದುವವರ ಸಾಲಿನಲ್ಲಿ ನಿಂತದ್ದು ಅದೇ ಮೊದಲು. ಮುಂದಿದ್ದ ಹುಡುಗಿ ತಿರುಗಿ, ಅಂಕಲ್ ನೀವು ಯಾವ ಸಬ್ಜೆಕ್ಟು ಅಂತ ಕೇಳಿದಳು. ಇನ್ನೂ ಗೊತ್ತಾಗಿಲ್ಲಮ್ಮ ಅಂದೆ. ನಮಗೂ ಹಾಗೇ ಅಂದಳು. ಅವಳ ಫಾರಮ್ಮಿನಲ್ಲಿ ಯಾವ ಚೌಕದಲ್ಲೂ ಟಿಕ್ ಇರಲಿಲ್ಲ.

ಸಾಲು ಕರಗಿತು. ನನ್ನ ಸರದಿ ಬಂತು, ಡೌಟು ಬರಲಿಲ್ಲ. ನೀವು ಹೋಗಿ, ನೀವು ಹೋಗಿ ಅಂತ ಹಿಂದಿನವರನ್ನು ಒಬ್ಬೊಬ್ಬರಾಗಿ ಮುಂದೆ ಬಿಟ್ಟೆ. ಬಸ್ಸಿನ ಸಾಲಿನಲ್ಲಿ ಯಾರಾದರೂ ಮೊಣಕೈ ತಾಗಿಸಿದರೆ ರಂಪ ಮಾಡುವ ಮನುಷ್ಯ ನಾನು. ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಸಾಲಿನಲ್ಲಿ ನಾನೊಬ್ಬನೇ ಉಳಿದೆ. ಗುಮಾಸ್ತರು ಕಿಟಕಿಯಿಂದ ಇಣುಕಿ, ಕೊಡೋದಿದ್ದರೆ ಕೊಡ್ರಿ ಅಂದರು. ನನ್ನದಲ್ಲ ಅಂದೆ. ಮತ್ತೆ ಯಾಕೆ ನಿಂತಿದ್ದೀರಿ ಅಂದರು. ಬಾಯಿಗೆ ಬಂದದ್ದನ್ನು ಹಲ್ಲಿನ ಹಿಂದೆಯೇ ತಡೆದೆ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಂದಳು, ಮುಖವೆಲ್ಲ ಬೆವರು. ಆ ಹುಡುಗಿ ಏನಂದಳು ಅಂತ ಕೇಳಿದೆ. ಸೋಮವಾರ ಟೀಚರ ಹತ್ತಿರ ಬಾ, ನೀನೇ ಹೇಳಿಕೊಟ್ಟಿದ್ದು ಅಂತ ಹೇಳು ಅಂದಳಂತೆ. ಹೋಗ್ತೀಯಾ ಅಂದೆ. ಹೋಗ್ತೀನಿ ಅಂದಳು. ಆಮೇಲೆ ಕಿಟಕಿಯಲ್ಲಿ ಬಗ್ಗಿ, ಟಿಕ್ ಬದಲಾಯಿಸಬಹುದಾ ಅಂತ ಕೇಳಿದಳು. ಅಳಿಸಿದರೆ ನಡೆಯಲ್ಲ, ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಿದರೆ ತಗೋತೀವಿ ಅಂದರು ಗುಮಾಸ್ತರು. ಗೆರೆ ಹೊಡೆಯುವುದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮೂರನೇ ಚೌಕಕ್ಕೆ ಒಂದು ಗೆರೆ, ಪಕ್ಕದಲ್ಲಿ ಸಹಿ, ಮೊದಲ ಚೌಕಕ್ಕೆ ಟಿಕ್.

ಕೆಳಗೆ, ಆಯ್ಕೆಗೆ ಕಾರಣ ಅಂತ ಎರಡು ಸಾಲು ಖಾಲಿ ಇತ್ತು. ಅದು ತುಂಬದೆ ತಗೊಳ್ಳಲ್ಲ ಅಂದರು. ಎಲ್ಲರೂ ಆಸಕ್ತಿ ಇದೆ ಅಂತ ಬರೀತಾರಮ್ಮ, ನೀನೂ ಹಾಗೇ ಬರಿ ಅಂತ ದಾರಿಯನ್ನೂ ತೋರಿಸಿದರು. ಡೌಟು ಪೆನ್ನಿನ ತುದಿ ಕಚ್ಚಿಕೊಂಡು ನಿಂತಳು. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬರುತ್ತಿತ್ತು, ಏನಾದರೂ ಒಂದು ಬರಿ ಅಂತ ಕೂಗಬೇಕು ಅನ್ನಿಸುತ್ತಿತ್ತು. ಕೂಗಲಿಲ್ಲ. ಅವಳು ಬರೆದಳು: ಗೊತ್ತಿರುವುದನ್ನು ಯಾಕೆ ಬಿಟ್ಟುಕೊಟ್ಟೆ ಎಂದು ಗೊತ್ತಾಗಿಲ್ಲ. ಗುಮಾಸ್ತರು ಓದದೆ ಸೀಲು ಹೊಡೆದು ಕಿಟಕಿ ಎಳೆದುಕೊಂಡರು.

ಮನೆಗೆ ನಡೆದು ಬರುವಾಗ ಸಂತೋಷವಾಯಿತಾ ಅಂತ ಕೇಳಿದೆ. ಗೊತ್ತಿಲ್ಲ ಮಾವ, ಗಣಿತ ಹಾಕಬೇಕಿತ್ತೇನೋ ಅಂದಳು. ನಾನು ದಾರಿಯ ನಡುವೆ ನಿಂತುಬಿಟ್ಟೆ. ಚಪ್ಪಲಿ ಸರಿಯಾಗಿ ಹಾಕ್ಕೊಂಡು ಬನ್ನಿ ಅಂದಳು.

ಲಾಂಡ್ರಿಯ ಮೋಟಾರನ್ನು ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆವು, ಜೋಡಿ ತಂತಿ, ನಲವತ್ತೆರಡು. ನಾನು ಸುತ್ತಿದೆ, ಅವಳು ಎಣಿಸಿದಳು, ನಾನೂ ಎಣಿಸಿದೆ. ಒಂದು ಕಾಯಿಲ್‌ನಲ್ಲಿ ನನಗೆ ನಲವತ್ತೊಂದು, ಅವಳಿಗೆ ನಲವತ್ತೆರಡು ಬಂತು. ಮಾತಾಡದೆ ಬಿಚ್ಚಿ ಮತ್ತೆ ಸುತ್ತುತ್ತಾ ಎಣಿಸಿದೆ. ನಲವತ್ತೊಂದೇ ಇತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು, ಒಂದು ಸುತ್ತು ಹಾಕಿದೆ. ಮಂಗಳವಾರ ಪಂಪಿಗೆ ನೀರು ಬಂತು. ತಪ್ಪು ನನ್ನದೇ ಅಂತ ಲಾಂಡ್ರಿ ಅಕ್ಕನಿಗೂ ಹೇಳಿದೆ. ಅವರು ಬಕೆಟು ಕೆಳಗಿಟ್ಟು, ನಿನಗೆ ಜ್ವರ ಏನಾದರೂ ಇದೆಯಾಪ್ಪ ಅಂತ ಕೇಳಿದರು.

ಎರಡರಷ್ಟು ಸುತ್ತಿಗೆ ಶಕ್ತಿ ಅರ್ಧ ಯಾಕಾಗಲ್ಲ, ಕಾಲು ಯಾಕಾಗುತ್ತೆ ಅನ್ನುವುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಎರಡು ಸಂಜೆ ಹೇಳಿಕೊಟ್ಟಳು. ಬೇರಿಂಗು ಉರುಳಿಸಿದಳು, ಅಯಸ್ಕಾಂತ ಹಿಡಿದಳು. ಮೊದಲ ಅರ್ಧ ಅರ್ಥವಾಯಿತು, ಅದರ ಮೇಲೆ ಇನ್ನೊಂದು ಅರ್ಧ ಎಲ್ಲಿಂದ ಬಂತು ಅನ್ನುವಲ್ಲಿ ಕತ್ತಲೆ. ನಾನು ಒಂದು ಪ್ರಶ್ನೆ ಕೇಳಿದೆ. ಅವಳು ಬಾಯಿ ತೆರೆದವಳು ಹಾಗೇ ನಿಂತಳು.

"ತಾಳಿ ಮಾವ. ಇದು ನನಗೇ ಸರಿಯಾಗಿ ಗೊತ್ತಿಲ್ಲ."

ಹಿಂದಿನ ಪುಟದಲ್ಲಿ ನನ್ನ ಪಾಠ ಅರ್ಧಕ್ಕೆ ನಿಂತಿದೆ. ಅವಳು ನೋಟ್‌ಬುಕ್ಕು ತಿರುಗಿಸಿ, ಮುಂದಿನ ಪುಟದಲ್ಲಿ ನನ್ನ ಪ್ರಶ್ನೆಯನ್ನು ಮೇಡಂಗೆ ಕೇಳಲು ಬರೆದುಕೊಂಡಳು. ಪಕ್ಕದಲ್ಲಿ ಯಾರು ಕೇಳಿದ್ದು ಅಂತಲೂ ಬರೆದಿದ್ದಾಳೆ. ನಾಳೆ ಬಂದು ಹೇಳುತ್ತಾಳಂತೆ.